ಮಾತ್ರೆ ನುಂಗಿದರೆ ಮುದ್ದೆ ತಿರುವಲು ಆಗುತ್ತಾ?

'ವಯಸ್ಸಾಯ್ತು, ಕೀಲು ನೋಯುತ್ತೆ ಬಿಡಿ' ಅಂತ ನಾವೇ ಎಷ್ಟು ಸಲ ಹೇಳಿಲ್ಲ? ಆಸ್ಪತ್ರೆಯಲ್ಲೂ ಅದೇ ಮಾತು, ಜೊತೆಗೆ ನೋವಿನ ಮಾತ್ರೆ. ಸಂಧಿವಾತದಿಂದ ಬೆರಳು ಮಡಚಲಾಗದ ಅವ್ವ ಮುದ್ದೆ ತಿರುವುವುದು, ರವಿಕೆ ಗುಂಡಿ ಹಾಕುವುದು, ಕಕ್ಕಸಿನಲ್ಲಿ ಕೂತು ಏಳುವುದು ಹೇಗೆ? ಯಾರೂ ಹೇಳಿಕೊಡುವುದಿಲ್ಲ.

ಅದನ್ನು ಕಲಿಸುವುದೇ ಆಕ್ಯುಪೇಷನಲ್ ಥೆರಪಿಸ್ಟ್ ಕೆಲಸ. ಸೌಟಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ. ಚೀಲವನ್ನು ಬೆರಳಿಗಲ್ಲ, ಮುಂಗೈಗೆ ಹಾಕಿ. ಪಾತ್ರೆಯನ್ನು ಎರಡೂ ಅಂಗೈಯಿಂದ ಎತ್ತಿ. ನೆಲದ ಬದಲು ಸ್ಟೂಲಿನ ಮೇಲೆ ಕೂತು ತರಕಾರಿ ಹೆಚ್ಚಿ. ಇದಕ್ಕೆಲ್ಲ ಸಾವಿರಾರು ರೂಪಾಯಿ ಬೇಕಾ?

2021ರ ಕೇಂದ್ರ ಕಾಯ್ದೆ ಈ ವೃತ್ತಿಯನ್ನು ಗುರುತಿಸಿದೆ. ಕಾಯ್ದೆ ಪುಸ್ತಕದಲ್ಲಿದ್ದರೆ ಸಾಲದು. ತಾಲ್ಲೂಕು ಆಸ್ಪತ್ರೆಗೆ ವಾರಕ್ಕೊಂದು ದಿನವಾದರೂ ಇವರು ಬರಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನೇ ಕೇಳೋಣ, ಠರಾವು ಬರೆಸೋಣ.