ಮಾಣಿಯ ವಾರದ ರಜೆ ಎಲ್ಲಿ?

ಮೈಲಾರದ ಕಾರಣಿಕ ಮುಗಿದು ಜಾತ್ರೆಯ ಬಂಡಿಗಳು ಊರು ಸೇರುವ ಹೊತ್ತಿಗೆ ನಮ್ಮ ಕಡೆಯ ಒಣ ಹೊಲಗಳಲ್ಲಿ ಕೆಲಸ ಮುಗಿದಿರುತ್ತದೆ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ತಾಲ್ಲೂಕುಗಳ ಹುಡುಗರು ಆಗ ಕೈಚೀಲ ಹಿಡಿದು ಘಟ್ಟ ಇಳಿಯುವ ಬಸ್ಸು ಹತ್ತುತ್ತಾರೆ. ಕೆಲವರು ಮಂಗಳೂರು, ಉಡುಪಿಗಳ ಕಟ್ಟಡದ ಕೆಲಸಕ್ಕೆ. ಕೆಲವರು ಮಲ್ಪೆಯ ಬಂದರಿಗೆ. ಇನ್ನು ಕೆಲವರು ಕರಾವಳಿಯ ಸಣ್ಣ ಹೋಟೆಲುಗಳಿಗೆ. ಈ ಮೂರನೆಯವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಬಹುದಿನಗಳಿಂದ ಮನಸ್ಸಿನಲ್ಲಿತ್ತು. ಈಚೆಗೆ ಸಂಘಟನೆಯ ಕೆಲಸಕ್ಕಾಗಿ ಆ ಕಡೆ ಹೋಗಿ ಬಂದ ಮೇಲೆ ಬರೆಯದೆ ಇರಲಾಗಲಿಲ್ಲ.

ಮಧ್ಯಾಹ್ನ ಒಂದು ಸಣ್ಣ ಹೋಟೆಲಿಗೆ ಹೋದೆವು. ಎಂಟು ಬೆಂಚು, ಒಂದು ಒಲೆಮನೆ. ಕುಚ್ಚಲಕ್ಕಿಯ ಅನ್ನ, ಬಂಗುಡೆಯ ಸಾರು, ಒಂದು ಪಲ್ಯ, ಕೊನೆಗೆ ಮಜ್ಜಿಗೆ. ಜೋಳದ ರೊಟ್ಟಿಯಲ್ಲಿ ಬೆಳೆದ ನಮ್ಮ ಹೊಟ್ಟೆಗೂ ಆ ಊಟ ಒಪ್ಪಿತು. ದರವೂ ಬಡವನ ಕೈಗೆ ನಿಲುಕುವಂಥದು. ದೊಡ್ಡ ಕಂಪನಿಯ ಹೋಟೆಲಿನಲ್ಲಿ ಕಾಣದ ರುಚಿ, ಕಾಣದ ಉಪಚಾರ. ಸಂತೋಷದಿಂದಲೇ ಉಣ್ಣುತ್ತಿದ್ದೆವು. ಅಷ್ಟರಲ್ಲಿ ಸಾರಿನ ಬಕೆಟ್ಟು ಹಿಡಿದ ಹುಡುಗ ನಮ್ಮ ಮಾತಿನ ವರಸೆ ಗುರುತಿಸಿ, "ಯಾವೂರ್ರೀ ಅಣ್ಣಾರ?" ಎಂದ. ಹಡಗಲಿ ತಾಲ್ಲೂಕಿನ ಹುಡುಗ. ವಯಸ್ಸು ಕೇಳಿದರೆ ಹದಿನೆಂಟು ಎಂದ. ಹೋಟೆಲಿನ ಹುಡುಗರಲ್ಲಿ ಯಾರನ್ನು ಕೇಳಿದರೂ ಹದಿನೆಂಟೇ!

ಅವನ ದಿನಚರಿ ಇದು. ಬೆಳಿಗ್ಗೆ ಐದಕ್ಕೆ ಎದ್ದು ಹಿಟ್ಟಿನ ಪಾತ್ರೆ ಹೊರಬೇಕು. ಆರಕ್ಕೆ ಚಹಾ, ಏಳಕ್ಕೆ ಬನ್ಸು, ನೀರುದೋಸೆ. ಹನ್ನೆರಡರಿಂದ ಊಟ. ಮಧ್ಯಾಹ್ನ ಎರಡು ಗಂಟೆ ಬಿಡುವು. ಸಂಜೆ ಗೋಳಿಬಜೆ, ಮತ್ತೆ ಊಟ, ಮತ್ತೆ ಎಂಜಲು ತಟ್ಟೆ. ರಾತ್ರಿ ಹನ್ನೊಂದಕ್ಕೆ ನೆಲ ಒರೆಸಿ, ಎರಡು ಬೆಂಚು ಜೋಡಿಸಿ ಅದರ ಮೇಲೆಯೇ ನಿದ್ದೆ. ರಜೆ ಎಂದು ಎಂದು ಕೇಳಿದೆವು. "ಮುಂದಿನ ಕಾರಣಿಕಕ್ಕೆ ಊರಿಗೆ ಹೊಕ್ಕೀನ್ರೀ" ಎಂದು ನಕ್ಕ. ಅವನಿಗೆ ವಾರವೆಂಬುದಿಲ್ಲ, ವರ್ಷವೊಂದೇ ಇದೆ.

ಲೆಕ್ಕ ಹಾಕಿರಿ, ಗಿರಣಿಯ ಗೆಳೆಯರೇ. ದಿನಕ್ಕೆ ಹದಿನಾರು ಗಂಟೆ, ವಾರಕ್ಕೆ ಏಳು ದಿನ, 112 ಗಂಟೆ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನು ಏನು ಹೇಳುತ್ತದೆ? ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ದಿನ ರಜೆ, ಹೆಚ್ಚಿನ ದುಡಿಮೆಗೆ ಇಮ್ಮಡಿ ಕೂಲಿ. ಈ ಕಾನೂನು ಹೋಟೆಲಿಗೂ ಅನ್ವಯಿಸುತ್ತದೆ. ಅಂದರೆ ಈ ಹುಡುಗ ಇಬ್ಬರ ಕೆಲಸಕ್ಕಿಂತ ಹೆಚ್ಚು ಮಾಡಿ ಒಬ್ಬನ ಸಂಬಳ ತೆಗೆದುಕೊಳ್ಳುತ್ತಿದ್ದಾನೆ. ಊಟ ಅಗ್ಗವಾದುದು ಹೇಗೆಂದು ಆಗ ನಮಗೆ ತಿಳಿಯಿತು. ಬಿಲ್ಲಿನ ಅರ್ಧವನ್ನು ನಾವು ಕೊಟ್ಟೆವು, ಉಳಿದರ್ಧವನ್ನು ಬಡಿಸಿದವನು ಕೊಟ್ಟ!

ಬೊಂಬಾಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ದೊರೆತದ್ದು 1890ರ ಜೂನ್ ತಿಂಗಳಲ್ಲಿ. ನಾರಾಯಣ ಮೇಘಾಜಿ ಲೋಖಂಡೆ ಎಂಬ ಮಹನೀಯರು ವರ್ಷಗಟ್ಟಲೆ ಹೋರಾಡಿ ಪಡೆದದ್ದು ಅದು. ಆಗ ಆಳುತ್ತಿದ್ದವರು ಬ್ರಿಟಿಷರು. ಅಂದು ಗಿರಣಿಯಲ್ಲಿ ದುಡಿದವನಿಗೆ ಸಿಕ್ಕ ಒಂದು ದಿನ, ನೂರ ಮೂವತ್ತೈದು ವರ್ಷಗಳಾದರೂ, ಸ್ವತಂತ್ರ ದೇಶದ ಹೋಟೆಲು ಮಾಣಿಗೆ ಸಿಕ್ಕಿಲ್ಲ.

ಧಣಿಯನ್ನೂ ಮಾತನಾಡಿಸಿದೆವು. ದುಷ್ಟನಲ್ಲ. ತಾನೇ ಒಲೆಯ ಮುಂದೆ ನಿಲ್ಲುತ್ತಾನೆ, ಹೆಂಡತಿ ಮಸಾಲೆ ಅರೆಯುತ್ತಾಳೆ. ನಲವತ್ತು ವರ್ಷಗಳ ಹಿಂದೆ ತಾನೂ ಮುಂಬಯಿಯಲ್ಲಿ ತಟ್ಟೆ ತೊಳೆದವನು. ಅವನ ಲೆಕ್ಕವನ್ನು ಕೇಳದೆ ಬೈಯುವುದು ನ್ಯಾಯವಲ್ಲ. 19 ಕಿಲೋ ಸಿಲಿಂಡರಿನ ದರ ತಿಂಗಳ ಮೊದಲ ತಾರೀಖಿಗೆ ಏನಾಗುವುದೋ ತಿಳಿಯದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನಿನ ಬೆಲೆ ಮುಗಿಲು ಮುಟ್ಟುತ್ತದೆ. ಮೊಬೈಲಿನ ಮೂಲಕ ಗಿರಾಕಿ ತರುವ ದೊಡ್ಡ ಕಂಪನಿ, ಒಲೆ ಹಚ್ಚದೆಯೇ ದಲ್ಲಾಳಿ ಕಡಿದುಕೊಳ್ಳುತ್ತದೆ. ದರ ಐದು ರೂಪಾಯಿ ಏರಿಸಿದರೆ ಗಿರಾಕಿ ಎದುರಿನ ಹೋಟೆಲಿಗೆ ಹೋಗುತ್ತಾನೆ. "ಹುಡುಗನಿಗೆ ವಾರಕ್ಕೊಂದು ರಜೆ ಕೊಟ್ಟರೆ ನಾನು ಬಾಗಿಲು ಹಾಕಬೇಕಾದೀತು ಸ್ವಾಮಿ" ಎಂದ.

ಇಲ್ಲಿಯೇ ನಮಗೂ ಸಣ್ಣ ವ್ಯಾಪಾರಿ ಸೋದರರಿಗೂ ಇರುವ ಜಗಳ. ನಿಮ್ಮ ಮೇಲಿನ ಭಾರ ನಿಜ. ಆದರೆ ಆ ಭಾರವನ್ನು ಹೊರಿಸಿದವರು ಯಾರು? ಗ್ಯಾಸು ಮಾರುವ ಕಂಪನಿ, ಬಾಡಿಗೆಯ ಮಾಲೀಕ, ದಲ್ಲಾಳಿ ಕಂಪನಿ, ತೆರಿಗೆಯ ಕಚೇರಿ. ಮೇಲಿನವನಿಗೆ ಉತ್ತರ ಹೇಳಲಾರದೆ ಕೆಳಗಿನವನ ನಿದ್ದೆ ಕತ್ತರಿಸುವುದು ಯಾವ ಶೌರ್ಯ? ಅತ್ತೆಯ ಮೇಲಿನ ಸಿಟ್ಟನ್ನು ಕೊತ್ತಿಯ ಮೇಲೆ ತೀರಿಸಿದಂತಾಯಿತು.

"ಊಟ ಹಾಕುತ್ತೇವಲ್ಲ, ಮಲಗಲು ಜಾಗ ಕೊಡುತ್ತೇವಲ್ಲ" ಎನ್ನುವವರುಂಟು. ಜೀತಕ್ಕಿಟ್ಟುಕೊಂಡ ಗೌಡನೂ ಇದೇ ಮಾತು ಹೇಳುತ್ತಿದ್ದ. ಉಳಿದ ಅನ್ನವೂ ಜೋಡಿಸಿದ ಬೆಂಚೂ ಸಂಬಳವಲ್ಲ. "ಹುಡುಗರೇ ಒಪ್ಪಿ ಬರುತ್ತಾರೆ" ಎನ್ನುವವರೂ ಉಂಟು. ಊರಲ್ಲಿ ಕೂಲಿಯಿಲ್ಲದೆ ಬಂದವನ ಒಪ್ಪಿಗೆ, ನೀರಲ್ಲಿ ಬಿದ್ದವನು ಹಗ್ಗಕ್ಕೆ ಕೊಡುವ ಒಪ್ಪಿಗೆ.

ಕರಾವಳಿಯ ಜನ ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲರು. ಹೋಟೆಲು ಉದ್ಯಮವನ್ನು ನಾಡಿಗೆ ಕಲಿಸಿದವರೇ ಅವರು. ಕೋಟದ ಬಳಿಯಿಂದ ಅಡಿಗೆ ಕೆಲಸಕ್ಕೆ ಬೆಂಗಳೂರಿಗೆ ಬಂದ ಮಯ್ಯ ಸೋದರರು 1924ರಲ್ಲಿ ಹೋಟೆಲು ತೆರೆದರು. ಮದರಾಸಿನ ವುಡ್‌ಲ್ಯಾಂಡ್ಸಿನ ಕೃಷ್ಣರಾಯರೂ ಅಡಿಗೆಮನೆಯ ಚಾಕರಿಯಿಂದ ಮೇಲೆ ಬಂದವರೇ. ಹಸಿವಿನಿಂದ ಊರು ಬಿಟ್ಟ ಸಾವಿರಾರು ಹುಡುಗರು ಮುಂಬಯಿಯಲ್ಲಿ ಹಗಲು ತಟ್ಟೆ ತೊಳೆದು, ಮೊಗವೀರರ ಮಂಡಳಿಯಂಥ ಸಂಸ್ಥೆಗಳು ನಡೆಸಿದ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತರು. ಮಾಣಿ ಗುಮಾಸ್ತನಾದ, ವಕೀಲನಾದ, ಧಣಿಯಾದ. ಸಂಜೆ ಶಾಲೆಗೆ ಹೋಗಲು ಬಿಡುವು ಕೊಟ್ಟವರು ಇದ್ದುದರಿಂದಲೇ ಇದು ಸಾಧ್ಯವಾಯಿತು.

ಇಂದು ಕರಾವಳಿಯ ಹುಡುಗ ತಟ್ಟೆ ತೊಳೆಯಲು ಬರುವುದು ಅಪರೂಪ. ಕಾರಣ ಸರಳ. ಶಾಲೆಗಳು ಬೆಳೆದವು, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಅಲ್ಲಿಯ ಗೇಣಿದಾರ ಭೂಮಿಯ ಒಡೆಯನಾದ, ಅವನ ಮಗ ಕಾಲೇಜಿಗೆ ಹೋದ. ನಮ್ಮ ಮಳೆಯಾಶ್ರಿತ ತಾಲ್ಲೂಕುಗಳಲ್ಲಿ ಭೂಮಿ ಇದ್ದವನಿಗೂ ನೀರಿಲ್ಲ. ಅಂದು ಅವರು ಘಟ್ಟ ಹತ್ತಿದರು, ಇಂದು ನಾವು ಇಳಿಯುತ್ತಿದ್ದೇವೆ. ಬಕೆಟ್ಟು ಅದೇ, ಕೈ ಮಾತ್ರ ಬದಲಾಗಿದೆ. ತಾನು ಮಾಣಿಯಾಗಿದ್ದಾಗ ಪಟ್ಟ ಪಾಡನ್ನು ಇನ್ನೊಬ್ಬ ಮಾಣಿಗೆ ಬಳುವಳಿ ಕೊಡಬೇಕೇ?

ಕರಾವಳಿಯನ್ನೇ ಬೈದು ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಹೊಸಪೇಟೆ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಖಾನಾವಳಿಗಳಲ್ಲಿ, ಮಂಡಕ್ಕಿ ಮಿರ್ಚಿ ಅಂಗಡಿಗಳಲ್ಲಿ ಎಣ್ಣೆಯ ಬಾಣಲೆಯ ಮುಂದೆ ನಿಂತ ಹುಡುಗನಿಗೆ ರಜೆ ಯಾವ ವಾರ? ಈ ಪತ್ರಿಕೆಯನ್ನು ಚಹಾದ ಜೊತೆ ಓದುತ್ತಿರುವ ಗೆಳೆಯ, ಲೋಟ ಇಟ್ಟು ಹೋದವನನ್ನು ಒಮ್ಮೆ ಕೇಳಿ ನೋಡಲಿ.

ಹಾಗಾದರೆ ಮಾಡಬೇಕಾದುದೇನು? ಕ್ಷೌರದಂಗಡಿಗಳು ನಮ್ಮ ಊರುಗಳಲ್ಲಿ ಮಂಗಳವಾರ ಮುಚ್ಚಿರುತ್ತವೆ. ಇದರಿಂದ ಯಾವ ಕ್ಷೌರಿಕನೂ ದಿವಾಳಿಯೆದ್ದಿಲ್ಲ, ಯಾರ ಗಡ್ಡವೂ ಮೊಳಕಾಲು ಮುಟ್ಟಿಲ್ಲ. ಎಲ್ಲರೂ ಒಂದೇ ದಿನ ಮುಚ್ಚಿದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುವ ಮಾತೇ ಇಲ್ಲ. ಊಟ ದಿನವೂ ಬೇಕೆಂದಾದರೆ ಹೋಟೆಲುಗಳು ಸರದಿಯ ಮೇಲೆ ಮುಚ್ಚಲಿ. ಇಲ್ಲವೇ ಹುಡುಗರಿಗೆ ಸರದಿಯ ಮೇಲೆ ರಜೆ ಕೊಡಲಿ. ಒಬ್ಬೊಬ್ಬರೇ ಮಾಡಲಾರದುದನ್ನು ಸಂಘ ಮಾಡಬಲ್ಲುದು. 2025ರ ಜುಲೈಯಲ್ಲಿ ಮೊಬೈಲು ಹಣದ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ತೆರಿಗೆ ನೋಟೀಸು ಬಂದಾಗ, ಚಹಾದಂಗಡಿಗಳೂ ಬೇಕರಿಗಳೂ ಹಾಲು ನಿಲ್ಲಿಸಿ ಕಪ್ಪು ಚಹಾ ಮಾರಿ ಪ್ರತಿಭಟಿಸಿದವು. ಹಳೆಯ ಬಾಕಿಯ ವಿಷಯದಲ್ಲಿ ಸರ್ಕಾರ ಹಿಂದೆ ಸರಿಯಿತು. ಸರ್ಕಾರದ ಎದುರು ಒಂದಾಗಬಲ್ಲ ಸೋದರರು ಒಂದು ದಿನದ ರಜೆಗೆ ಒಂದಾಗಲಾರರೇ?

ಎರಡನೆಯದು, ಕೈ ಸುಟ್ಟುಕೊಂಡವನ ಚಿಕಿತ್ಸೆ. ಕಾರ್ಮಿಕ ವಿಮೆಯ ಆಸ್ಪತ್ರೆ ಹತ್ತು ಮಂದಿ ಕೆಲಸಗಾರರಿರುವ ಹೋಟೆಲಿಗೆ ಕಡ್ಡಾಯ. ನಾಲ್ಕು ಮಂದಿ ಇರುವಲ್ಲಿ ಎಣ್ಣೆ ಸುಡುವುದಿಲ್ಲವೇ? ಸಣ್ಣ ಹೋಟೆಲಿಗೂ ಅದನ್ನು ವಿಸ್ತರಿಸಬೇಕು, ಧಣಿಯ ಪಾಲನ್ನು ಸರ್ಕಾರವೇ ಕಟ್ಟಬೇಕು. ಈ ಬೇಡಿಕೆಯಲ್ಲಿ ಧಣಿಯೂ ಮಾಣಿಯೂ ಒಂದೇ ಬಾವುಟದ ಕೆಳಗೆ ನಿಲ್ಲಬಹುದು.

ಮೂರನೆಯದು, ಗಿರಾಕಿಯಾದ ನಾವು. ಎಂಟು ಗಂಟೆಯ ದುಡಿಮೆಗಾಗಿ ಘೋಷಣೆ ಕೂಗಿದ ಗಂಟಲಿನಲ್ಲೇ "ಏ ಮಾಣಿ, ಬೇಗ ತಾರೋ" ಎಂದು ಗದರುತ್ತೇವೆ. ದೋಸೆಗೆ ಎರಡು ರೂಪಾಯಿ ಏರಿದರೆ ಕೂಗಾಡುತ್ತೇವೆ. ಆ ಎರಡು ರೂಪಾಯಿ ಹುಡುಗನ ರಜೆಗೆ ಹೋಗುವುದಾದರೆ ಕೊಡಲು ಸಿದ್ಧರಿದ್ದೇವೆಯೇ? ಸಿದ್ಧರಿಲ್ಲವಾದರೆ ಸಮಾಜವಾದದ ಮಾತು ಬಿಡೋಣ.

1949ರಲ್ಲಿ ಮಂಗಳೂರಿನಲ್ಲಿ ಹತ್ತೊಂಬತ್ತರ ತರುಣ ಜಾರ್ಜ್ ಫರ್ನಾಂಡಿಸರು ಸಂಘಟಿಸಲು ಹೊರಟದ್ದು ಮೋಟಾರು ಕಾರ್ಮಿಕರನ್ನು ಮತ್ತು ಇದೇ ಹೋಟೆಲು ಕಾರ್ಮಿಕರನ್ನು. ಆ ಕೆಲಸ ಇನ್ನೂ ಮುಗಿದಿಲ್ಲ. ಮಾಣಿಗಳು ಒಂದೊಂದು ಹೋಟೆಲಿನಲ್ಲಿ ಇಬ್ಬರು, ಮೂವರು. ಊರೂರು ಬಿಟ್ಟು ಬಂದವರು. ಸಭೆಗೆ ಬರಲು ಬಿಡುವೇ ಇಲ್ಲದವರು. ರಜೆಗಾಗಿ ಸಂಘ ಕಟ್ಟಬೇಕು, ಸಂಘ ಕಟ್ಟಲು ರಜೆ ಬೇಕು! ಈ ಗಂಟನ್ನು ಹೊರಗಿನವರು, ಅಂದರೆ ಗಿರಣಿ ಕಾರ್ಮಿಕರೂ ನ್ಯಾಯಬುದ್ಧಿಯ ವ್ಯಾಪಾರಿಗಳೂ, ಮೊದಲು ಬಿಡಿಸಬೇಕು.

ಮೈಲಾರದಲ್ಲಿ ಗೊರವಪ್ಪ ಬಿಲ್ಲನ್ನೇರಿ "ಸದ್ದಲೇ" ಎಂದೊಡನೆ ಲಕ್ಷ ಜನ ಉಸಿರು ಬಿಗಿಹಿಡಿದು ಅವನ ಒಂದು ಮಾತಿಗಾಗಿ ಕಾಯುತ್ತಾರೆ. ಆ ಜನಸಾಗರದಲ್ಲಿ ವರ್ಷಕ್ಕೊಂದು ರಜೆ ಪಡೆದು ಬಂದ ನಮ್ಮ ಹುಡುಗನೂ ನಿಂತಿರುತ್ತಾನೆ. ಅವನಿಗೆ ಏರಲು ಬಿಲ್ಲಿಲ್ಲ. ಅವನ ಒಂದು ಮಾತನ್ನು ಕೇಳಲು ನಾವು ಸದ್ದಡಗಿಸಬೇಕು. ಆ ಮಾತು ಇಷ್ಟೇ: ವಾರಕ್ಕೊಂದು ದಿನ.