ಕನ್ನಡ ಶಾಲೆಯ ಹುಡುಗಿ ಇಂಜಿನಿಯರಾದಾಳೆ?

ಸಾಲಿಗ್ರಾಮದ ಸೋದರಿಯೊಬ್ಬರು ಬರೆದಿದ್ದಾರೆ: "ಮಗಳು ಕನ್ನಡ ಮಾಧ್ಯಮದವಳು. ಇಂಜಿನಿಯರಿಂಗ್ ನಮಗೆ ಎಟುಕೀತೆ?"

ಯಾಕೆ ಎಟುಕೋಲ್ಲ, ಹೇಳಿ! ವಿಶ್ವೇಶ್ವರಯ್ಯನವರ ಕಾಲದಲ್ಲಿ, 1917ರಲ್ಲಿ, ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಕಾಲೇಜು ಇವತ್ತು ತಾನೇ ಒಂದು ವಿಶ್ವವಿದ್ಯಾಲಯ. ಸೀಟು ಸಿ.ಇ.ಟಿ. ರ‍್ಯಾಂಕಿನ ಮೇಲೆ. ಜಾತಿವಾರು ಮೀಸಲಾತಿ ಇದ್ದೇ ಇದೆ. ಅದರೊಳಗೇ ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇಕಡಾ 15, ಕನ್ನಡದಲ್ಲಿ ಓದಿದವರಿಗೆ ಶೇಕಡಾ 5. ಇದು ಎಷ್ಟೋ ತಾಯಂದಿರಿಗೆ ಗೊತ್ತೇ ಇರೋಲ್ಲ!

ಪಾಠವೆಲ್ಲ ಇಂಗ್ಲಿಷಿನಲ್ಲಿ, ಅದು ನಿಜ. ನನ್ನ ತಂಗಿಯ ಮಗಳು ಮೊದಲ ಸೆಮಿಸ್ಟರಿನಲ್ಲಿ ದಿನಾ ಫೋನಿನಲ್ಲಿ ಅಳೋಳು. "ವಾಪಸ್ ಬಂದುಬಿಡು" ಅಂತ ಬಾಯಿತುದಿಗೆ ಬಂದದ್ದನ್ನು ತಂಗಿ ನುಂಗಿಕೊಂಡಳು. ಲೆಕ್ಕ ಚೆನ್ನಾಗಿದ್ದ ಹುಡುಗಿ, ಯುಗಾದಿ ಹೊತ್ತಿಗೆ ಸುಧಾರಿಸಿಕೊಂಡಳು.

ಶಾಲೆಯ ವ್ಯಾಸಂಗ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿಯೂ ಬೇಕು. ಈಗಲೇ ಮಾಡಿಸಿಡಿ, ತಾಯಿ.