ಬಾಡಿಗೆ ಮನೆಗೂ ವಿಮೆ ಬೇಕೆ?

ಹೆಚ್ಚಿನ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಹೊರಟ ವಿದ್ಯಾರ್ಥಿ ವೀಸಾ, ವಿಮಾನದ ಟಿಕೆಟ್, ಆರೋಗ್ಯ ವಿಮೆ ಎಲ್ಲ ಮುಗಿಸಿ 'ಉಸ್ಸಪ್ಪಾ' ಎನ್ನುವ ಹೊತ್ತಿಗೆ ಬಾಡಿಗೆ ಮನೆಯ ಕರಾರು ಪತ್ರ ಕೈಸೇರುತ್ತದೆ. ಅದರಲ್ಲಿ ಬಹಳಷ್ಟು ಸಲ ಒಂದು ಷರತ್ತು ಇರುತ್ತದೆ: ಬಾಡಿಗೆದಾರರು 'ರೆಂಟರ್ಸ್ ಇನ್ಶೂರೆನ್ಸ್' ಮಾಡಿಸಿರಬೇಕು, ಅದರಲ್ಲಿ ಒಂದು ಲಕ್ಷ ಡಾಲರ್‌ನಷ್ಟು ಹೊಣೆಗಾರಿಕೆಯ ರಕ್ಷಣೆ ಇರಬೇಕು. ತಂದೆತಾಯಿಗಳಿಗೆ ಗೊಂದಲ ಶುರುವಾಗುವುದು ಇಲ್ಲೇ. ಮನೆ ನಮ್ಮದಲ್ಲ. ಎರಡು ಸೂಟ್‌ಕೇಸು, ಒಂದು ಲ್ಯಾಪ್‌ಟಾಪ್ ಬಿಟ್ಟರೆ ಮಕ್ಕಳ ಬಳಿ ಇರುವುದಾದರೂ ಏನು? ಇಷ್ಟಕ್ಕೆ ವಿಮೆ ಏಕೆ?

ಪ್ರಶ್ನೆ ಸಹಜವೇ. ಆದರೆ 'ನನ್ನ ಬಳಿ ಏನಿದೆ' ಎಂದು ಮಾತ್ರ ಕೇಳಿದರೆ ಸಾಲದು. 'ನನ್ನಿಂದ ಇತರರಿಗೆ ಎಷ್ಟು ನಷ್ಟವಾಗಬಹುದು' ಎಂದೂ ಕೇಳಿಕೊಳ್ಳಬೇಕು. ಈ ವಿಮೆಯ ತೂಕವೆಲ್ಲ ಇರುವುದು ಎರಡನೆಯ ಪ್ರಶ್ನೆಯಲ್ಲಿ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡೋಣ. ಮನೆಯ ಮಾಲೀಕರು ವಿಮೆ ಮಾಡಿಸಿರುತ್ತಾರೆ, ನಿಜ. ಆದರೆ ಅದು ಕಟ್ಟಡಕ್ಕೆ ಮತ್ತು ಅವರ ಸ್ವಂತ ಸಾಮಾನಿಗೆ. ಬೆಂಕಿ ಬಿದ್ದು ನಿಮ್ಮ ಪುಸ್ತಕ, ಬಟ್ಟೆ, ಕಂಪ್ಯೂಟರ್ ಸುಟ್ಟರೆ ಆ ವಿಮೆಯಿಂದ ನಿಮಗೆ ಬಿಡಿಗಾಸೂ ಬಾರದು.

ಮೂರು ರಕ್ಷಣೆಗಳು

ಬಾಡಿಗೆದಾರರ ವಿಮೆಯಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಒಂದು, ನಿಮ್ಮ ವಸ್ತುಗಳಿಗೆ ರಕ್ಷಣೆ. ಎರಡು, ನಿಮ್ಮ ಅಜಾಗರೂಕತೆಯಿಂದ ಬೇರೆಯವರಿಗೆ ಆಗುವ ಹಾನಿಯ ಹೊಣೆ. ಮೂರು, ಅಪಘಾತದಿಂದ ಮನೆ ವಾಸಕ್ಕೆ ಯೋಗ್ಯವಲ್ಲದಂತಾದರೆ ಬೇರೆಡೆ ಉಳಿಯಲು ತಗಲುವ ಹೆಚ್ಚಿನ ಖರ್ಚು.

ವಸ್ತುಗಳ ವಿಷಯದಲ್ಲಿ ಬೆಂಕಿ, ಹೊಗೆ, ಬಿರುಗಾಳಿ, ಕಳ್ಳತನ, ನೀರಿನ ಪೈಪ್ ಒಡೆಯುವುದು ಇವೆಲ್ಲ ಸಾಮಾನ್ಯವಾಗಿ ಸೇರಿರುತ್ತವೆ. ಗ್ರಂಥಾಲಯದಲ್ಲಿ ಲ್ಯಾಪ್‌ಟಾಪ್ ಕಳುವಾದರೂ ಪರಿಹಾರ ಕೇಳಬಹುದು. ಆದರೆ ಸಹಿ ಹಾಕುವ ಮುನ್ನ ಒಂದು ಅಂಶ ನೋಡಿಕೊಳ್ಳಿ. ಪರಿಹಾರ ವಸ್ತುವಿನ ಇಂದಿನ ಸವಕಲು ಬೆಲೆಯೋ, ಹೊಸದನ್ನು ಕೊಳ್ಳುವ ಬೆಲೆಯೋ? ನಾಲ್ಕು ವರ್ಷದ ಹಿಂದೆ 1,200 ಡಾಲರ್ ಕೊಟ್ಟ ಕಂಪ್ಯೂಟರಿಗೆ ಮೊದಲನೆಯ ಲೆಕ್ಕದಲ್ಲಿ ಸಿಗುವುದು ಅಲ್ಪ. ಎರಡನೆಯದಕ್ಕೆ ಪ್ರೀಮಿಯಂ ಸ್ವಲ್ಪ ಹೆಚ್ಚಾದರೂ ಅದೇ ಮೇಲು.

ಇನ್ನೊಂದು, ನಾವೇ ಭರಿಸಬೇಕಾದ ಮೊದಲ ಮೊತ್ತ. ಅದು 500 ಡಾಲರ್ ಎಂದಿದ್ದರೆ 400 ಡಾಲರ್‌ನ ಫೋನ್ ಕಳೆದಾಗ ಏನೂ ಸಿಗದು. ಮಗಳ ಕೊರಳಿಗೆ ಚಿನ್ನದ ಸರ ಹಾಕಿ ಕಳುಹಿಸುವ ತಾಯಂದಿರೂ ಗಮನಿಸಬೇಕು: ಒಡವೆಯ ಕಳ್ಳತನಕ್ಕೆ ಸಾಮಾನ್ಯವಾಗಿ 1,500 ಡಾಲರ್‌ನಂಥ ಕಡಿಮೆ ಮಿತಿ ಇರುತ್ತದೆ. ನಗದಿಗಂತೂ ಇನ್ನೂ ಕಡಿಮೆ. ಬೆಲೆಬಾಳುವ ಒಡವೆ ಊರಿನಲ್ಲೇ ಇರಲಿ.

ಪ್ರವಾಹ ಮತ್ತು ಭೂಕಂಪ ಈ ವಿಮೆಯಲ್ಲಿ ಸಾಮಾನ್ಯವಾಗಿ ಸೇರುವುದಿಲ್ಲ. ಕ್ಯಾಲಿಫೋರ್ನಿಯಾಕ್ಕೆ ಹೋಗುವವರು ಭೂಕಂಪದ ವಿಮೆಯನ್ನು ಬೇರೆಯಾಗಿಯೇ ಕೊಳ್ಳಬೇಕು. ತಿಗಣೆ ಕಾಟಕ್ಕೂ ಪರಿಹಾರವಿಲ್ಲ.

ಒಗ್ಗರಣೆಯ ಬೆಂಕಿ

ಈಗ ಹೊಣೆಯ ಮಾತು. ಅಮೆರಿಕದಲ್ಲಿ ಮನೆಗಳಿಗೆ ಬೆಂಕಿ ಬೀಳಲು ಮೊದಲ ಕಾರಣ ಅಡುಗೆ. ಒಗ್ಗರಣೆಗೆ ಎಣ್ಣೆ ಇಟ್ಟು ಊರಿನಿಂದ ಬಂದ ಫೋನಿಗೆ ಓಡಿದರೆ ಸಾಕು. ಅಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಮರದ ಬಳಕೆ ಹೆಚ್ಚು. ಬೆಂಕಿ ಪಕ್ಕದ ಮನೆಗೂ ಹಬ್ಬಬಹುದು. ಆಗ ಮಾಲೀಕರ ವಿಮಾ ಕಂಪನಿ ಅವರಿಗೆ ನಷ್ಟ ತುಂಬಿಕೊಟ್ಟು, ಆ ಹಣವನ್ನು ಬೆಂಕಿಗೆ ಕಾರಣನಾದ ಬಾಡಿಗೆದಾರನಿಂದ ಕೇಳಬಹುದು.

ಇಂಥದೊಂದು ಪ್ರಕರಣ 1975ರಲ್ಲಿ ಒಕ್ಲಹೋಮಾ ರಾಜ್ಯದ ಮೇಲ್ಮನವಿ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಬಾಡಿಗೆದಾರನ ಮಗ, ಇನ್ನೂ ಬಾಲಕ, ರಸಾಯನಶಾಸ್ತ್ರದ ಆಟಿಕೆಯ ಪೆಟ್ಟಿಗೆಯಿಂದ ಪ್ರಯೋಗ ಮಾಡಲು ಹೋಗಿ ಮನೆಗೆ ಬೆಂಕಿ ಹತ್ತಿತ್ತು. ವಿಮಾ ಕಂಪನಿ ಮಾಲೀಕನಿಗೆ ಹಣ ಕೊಟ್ಟು ಬಾಡಿಗೆದಾರನ ಮೇಲೆ ದಾವೆ ಹೂಡಿತು. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಬಾಡಿಗೆದಾರನೂ ಮಾಲೀಕನ ವಿಮೆಯಲ್ಲಿ ಪಾಲುದಾರನಿದ್ದಂತೆ, ಆದ್ದರಿಂದ ವಸೂಲಿ ಸಲ್ಲದು ಎಂದು ನ್ಯಾಯಾಲಯ ಹೇಳಿತು. ಆದರೆ ಎಲ್ಲ ರಾಜ್ಯಗಳೂ ಈ ದಾರಿ ಹಿಡಿದಿಲ್ಲ. ಹಿಡಿದ ಕಡೆಯೂ ನೆರೆಮನೆಯವರ ಸಾಮಾನಿಗೆ ಆದ ನಷ್ಟದಿಂದ ಇದು ಕಾಪಾಡದು. ಹೊಣೆಗಾರಿಕೆಯ ವಿಮೆ ಇದ್ದರೆ ಪರಿಹಾರದ ಜೊತೆಗೆ ವಕೀಲರ ಖರ್ಚನ್ನೂ ಕಂಪನಿ ನೋಡಿಕೊಳ್ಳುತ್ತದೆ. ಬೇಕೆಂದೇ ಮಾಡಿದ ಹಾನಿ ಮತ್ತು ಕಾರಿನ ಅಪಘಾತ ಮಾತ್ರ ಇದಕ್ಕೆ ಸೇರವು.

ಎರಡು ಎಚ್ಚರಿಕೆಗಳು

ನಮ್ಮ ಹುಡುಗರು ಮೂರು ನಾಲ್ಕು ಮಂದಿ ಸೇರಿ ಮನೆ ಹಿಡಿಯುವುದೇ ಹೆಚ್ಚು. ಒಬ್ಬನ ಹೆಸರಿನ ವಿಮೆ ಉಳಿದವರನ್ನು ಕಾಪಾಡುವುದಿಲ್ಲ. ಪ್ರತಿಯೊಬ್ಬರೂ ಬೇರೆ ಬೇರೆ ಮಾಡಿಸುವುದೇ ಕ್ಷೇಮ.

ಎರಡನೆಯದು, ಕೆಲವು ವಸತಿ ಸಂಕೀರ್ಣಗಳು ತಮ್ಮದೇ ಯೋಜನೆಗೆ ಬಾಡಿಗೆದಾರರನ್ನು ಸೇರಿಸಿ ಬಾಡಿಗೆಯ ಜೊತೆ ಹಣ ಕಟ್ಟಿಸಿಕೊಳ್ಳುತ್ತವೆ. ಇಂಥವು ಎಷ್ಟೋ ಸಲ ಕಟ್ಟಡಕ್ಕಾದ ಹಾನಿಯನ್ನಷ್ಟೇ ನೋಡಿಕೊಳ್ಳುತ್ತವೆ; ನಿಮ್ಮ ಸಾಮಾನಿಗೆ ರಕ್ಷಣೆ ಇರುವುದಿಲ್ಲ. ಷರತ್ತುಗಳನ್ನು ಪೂರ್ತಿ ಓದಿ, ಹೊರಗಿನ ಕಂಪನಿಗಳ ದರದೊಡನೆ ಹೋಲಿಸಿ. ವಿದ್ಯಾರ್ಥಿಯೊಬ್ಬನಿಗೆ ಬೇಕಾಗುವಷ್ಟು ವಿಮೆ ಹೆಚ್ಚಿನ ಊರುಗಳಲ್ಲಿ ತಿಂಗಳಿಗೆ 10ರಿಂದ 20 ಡಾಲರ್ ಆಸುಪಾಸಿನಲ್ಲಿ ಸಿಗುತ್ತದೆ.

ಮನೆ ಸೇರಿದ ಮೊದಲ ವಾರದಲ್ಲೇ ಸಾಮಾನುಗಳ ಚಿತ್ರ ತೆಗೆದು, ರಸೀದಿಗಳ ಜೊತೆ ಊರಿನಲ್ಲಿರುವ ತಂದೆತಾಯಿಗೆ ಕಳುಹಿಸಿಡಿ. ಲ್ಯಾಪ್‌ಟಾಪಿನ ಬಿಲ್ಲು ಅದೇ ಲ್ಯಾಪ್‌ಟಾಪಿನಲ್ಲಿದ್ದರೆ ಕಳುವಾದಾಗ ಉಪಯೋಗವಿಲ್ಲ. ಕಳ್ಳತನವಾದರೆ ತಡಮಾಡದೆ ಪೊಲೀಸರಿಗೆ ದೂರು ಕೊಟ್ಟು ಪ್ರತಿ ಪಡೆಯಿರಿ. ವಿಮೆಯನ್ನು 'ಆಮೇಲೆ ನೋಡೋಣ' ಎಂದು ಮುಂದೂಡಬೇಡಿ. ಮನೆಯ ಬೀಗದ ಕೈ ಸಿಗುವ ದಿನದಿಂದಲೇ ಅದು ಜಾರಿಯಲ್ಲಿರಲಿ.